ಮೂರು ಮೈಲಿ ನೀರು

ಐರ್ಲೆಂಡಿನ ಪಡುಗಡಲ ತೀರಕ್ಕೆ ಹೋದವರಲ್ಲಿ ಬಹುಮಂದಿ ಮೋಹರ್ ಕಡಿಬಂಡೆಗಳ ಎದುರು ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅದು ತಪ್ಪೆಂದು ಹೇಳಲಾರೆ. ಆದರೆ ಎರಡು ದಿನಗಳ ಬಿಡುವುಳ್ಳವರು ಇನ್ನೂ ತೆಂಕಣಕ್ಕೆ, ಕೆರ್ರಿ ಸೀಮೆಯ ಡಿಂಗಲ್ ಪರ್ಯಾಯದ್ವೀಪಕ್ಕೆ ಹೋಗಬೇಕು. ಒಂದೇ ದಿನ ಸಾಲದೇ ಎಂದರೆ, ಸಾಲದು. ಕಾರಣ ಮುಂದೆ ತಿಳಿದೀತು.

ಡಿಂಗಲ್ ಮೀನುಗಾರರ ಪಟ್ಟಣ. ಬಣ್ಣಬಣ್ಣದ ಅಂಗಡಿಗಳು, ಸಂಜೆಯಾದರೆ ಪಾನಗೃಹಗಳಿಂದ ತೇಲಿಬರುವ ಪಿಟೀಲಿನ ದನಿ. ಇಲ್ಲಿಯ ರೇವಿನಲ್ಲಿ 1983ರಿಂದ ಫಂಗಿ ಎಂಬ ಒಂಟಿ ಡಾಲ್ಫಿನ್ ದೋಣಿಗಳೊಡನೆ ಆಟವಾಡುತ್ತಿತ್ತು. 2020ರ ಅಕ್ಟೋಬರಿನಲ್ಲಿ ಅದು ಕಣ್ಮರೆಯಾಯಿತು. ಈಗ ಮಕ್ಕಳಿಗೆ ಅದರ ಕಂಚಿನ ಪ್ರತಿಮೆಯೇ ಗತಿ.

ಪಟ್ಟಣದಿಂದ ಸ್ಲೇ ಹೆಡ್ ಭೂಶಿರವನ್ನು ಬಳಸಿ ಬರುವ ಮಾರ್ಗ ಸುಮಾರು 30 ಮೈಲಿ. ದಾರಿ ಬಲು ಕಿರಿದಾದುದರಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ಸುತ್ತುವುದು ರೂಢಿ. ಐರಿಷ್ ಭಾಷೆ ಇಂದಿಗೂ ಮನೆಮಾತಾಗಿ ಉಳಿದಿರುವ ಕೆಲವೇ ಪ್ರದೇಶಗಳಲ್ಲಿ ಇದೂ ಒಂದು. ಈ ಮಾರ್ಗದ ಪಶ್ಚಿಮದ ಅಂಚಿನಲ್ಲಿದೆ ಡನ್‌ಕ್ವಿನ್ ಗ್ರಾಮ. ಅಲ್ಲಿಯ ದೋಣಿಕಟ್ಟೆಗೆ ಸುತ್ತಿಸುತ್ತಿ ಇಳಿಯುವ ಕಡಿದಾದ ಹಾದಿಯ ತುದಿಯಲ್ಲಿ ನಿಂತರೆ, ಎದುರಿಗೆ ಗ್ರೇಟ್ ಬ್ಲಾಸ್ಕೆಟ್ ದ್ವೀಪ. ನಡುವೆ ಸುಮಾರು ಮೂರು ಮೈಲಿ ನೀರು.

ಬಿಸಿಲು ಚೆನ್ನಾಗಿತ್ತು. ದೋಣಿಯವನು ಮಾತ್ರ ತಲೆಯಾಡಿಸಿ, "ಇಂದು ಆಗದು" ಎಂದ.

"ಸಮುದ್ರ ಶಾಂತವಾಗಿಯೇ ಇದೆಯಲ್ಲ?"

"ಇಲ್ಲಿ ಶಾಂತವಾಗಿದೆ. ಅಲ್ಲಿ ಇಳಿಯುವುದು ಹೇಗೆ?"

ಅಷ್ಟು ದೂರದಿಂದ ಬಂದು ಒಂದು ದಿನ ಹಾಳಾಯಿತಲ್ಲ ಎಂದು ನಾನು ಗೊಣಗಿದೆ. ಬೇರೆ ಕೆಲಸವಿಲ್ಲದೆ ಊರಿನ ಬ್ಲಾಸ್ಕೆಟ್ ಕೇಂದ್ರವನ್ನು ಹೊಕ್ಕೆವು. 1993ರಲ್ಲಿ ತೆರೆದ ವಸ್ತುಸಂಗ್ರಹಾಲಯವದು. ಅಲ್ಲಿಂದ ಹೊರಬರುವ ಹೊತ್ತಿಗೆ ನನ್ನ ಗೊಣಗಾಟ ನಿಂತಿತ್ತು.

1916ರಲ್ಲಿ ಆ ದ್ವೀಪದಲ್ಲಿದ್ದವರು 176 ಮಂದಿ. ವೈದ್ಯನಿಲ್ಲ, ಪಾದ್ರಿಯಿಲ್ಲ, ಅಂಗಡಿಯಿಲ್ಲ. ಅವರ ದೋಣಿ ನೇವೋಗ್, ಮರದ ಹಂದರಕ್ಕೆ ಕ್ಯಾನ್ವಾಸ್ ಹೊದಿಸಿ ಟಾರು ಬಳಿದದ್ದು. ನಮ್ಮ ಹರಿಗೋಲಿನ ದಾಯಾದಿ. ಇಷ್ಟು ಜನರ ನಡುವಿನಿಂದ ಐರಿಷ್ ಸಾಹಿತ್ಯಕ್ಕೆ ಮೂರು ಆತ್ಮಕಥೆಗಳು ಬಂದವು: 1929ರಲ್ಲಿ ಬೆಸ್ತ ತೊಮಾಸ್ ಓ ಕ್ರಿಹನ್‌ನದು, 1933ರಲ್ಲಿ ತರುಣ ಮಾರಿಸ್ ಓ ಸಲಿವನ್‌ನದು, 1936ರಲ್ಲಿ ಪೆಗ್ ಸೇಯರ್ಸ್ ಎಂಬ ಮುದುಕಿಯದು. ಆಕೆ ಬಾಯಲ್ಲಿ ಹೇಳಿದುದನ್ನು ಮಗ ಬರೆದುಕೊಂಡ. ಮುಂದೆ ಆ ಪುಸ್ತಕ ಪಠ್ಯವಾಗಿ, ಐರ್ಲೆಂಡಿನ ಹಲವು ತಲೆಮಾರಿನ ವಿದ್ಯಾರ್ಥಿಗಳು ಅದನ್ನು ಶಪಿಸಿದರಂತೆ. ಅಧ್ಯಾಪಕನಾದ ನನಗೆ ಇದೇನೂ ಹೊಸದೆನಿಸಲಿಲ್ಲ.

1946ರ ಕ್ರಿಸ್‌ಮಸ್ ಹೊತ್ತಿಗೆ ದ್ವೀಪದ 24 ವರ್ಷದ ಯುವಕನೊಬ್ಬ ಮಿದುಳುಪೊರೆಯ ಉರಿಯೂತದಿಂದ ಮಲಗಿದ. ಸಮುದ್ರ ಕೆರಳಿತ್ತು, ವೈದ್ಯನು ಬರಲಾರದೆ ಆತ ತೀರಿಕೊಂಡ. ಮರುವರ್ಷದ ಏಪ್ರಿಲಿನಲ್ಲಿ ಬಿರುಗಾಳಿ ಬಿಡದೆ, ಉಣ್ಣಲು ಏನೂ ಇಲ್ಲವೆಂದು ದ್ವೀಪದಿಂದ ಪ್ರಧಾನಿ ಡಿ ವಲೇರಾಗೆ ತಂತಿ ಹೋಯಿತು. 1953ರ ನವೆಂಬರ್ 17ರಂದು ಜನ ದ್ವೀಪವನ್ನು ಬಿಡತೊಡಗಿದರು. ಆಗ ಉಳಿದಿದ್ದವರು 22 ಮಂದಿ.

ಮಧ್ಯಾಹ್ನ ಜಡಿಮಳೆ ಹಿಡಿಯಿತು. ಗಾಲರಸ್‌ನ ಪುರಾತನ ಪ್ರಾರ್ಥನಾಮಂದಿರದಲ್ಲಿ ಆಶ್ರಯ ಪಡೆದೆವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಆ ಕಟ್ಟಡ ಬೋರಲು ಹಾಕಿದ ದೋಣಿಯಂತಿದೆ. ನಮ್ಮ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಮರುದಿನ ದೋಣಿ ಹೊರಟಿತು. ದ್ವೀಪದ ಬಳಿ ಚಿಕ್ಕದೊಂದು ರಬ್ಬರ್ ದೋಣಿಗೆ ದಾಟಿ, ಜಾರುವ ಕಲ್ಲಿನ ಮೇಲೆ ಕಾಲಿಡಬೇಕು. ಹಿಂದಿನ ದಿನದ ಪ್ರಶ್ನೆಯ ಅರ್ಥ ನನಗೆ ಅಲ್ಲಿ ಆಯಿತು. ಬಿಳಿಯ ಮರಳದಂಡೆಯ ಮೇಲೆ ಬೂದು ಬಣ್ಣದ ಸೀಲ್‌ಗಳು ಒತ್ತೊತ್ತಾಗಿ ಮಲಗಿದ್ದವು. ಮೇಲೆ ಮಾಡಿಲ್ಲದ ಮನೆಗಳು, ಒಲೆಯಿದ್ದ ಕಡೆ ಹುಲ್ಲು. ತೊಮಾಸ್ ತಾನೇ ಕಟ್ಟಿಕೊಂಡಿದ್ದ ಮನೆಯನ್ನು ಮಾತ್ರ ದುರಸ್ತಿ ಮಾಡಿಸಿದ್ದಾರೆ. ಅದರ ಬಳಿ ನಿಂತರೆ ಆಚೆಯ ದಡದ ರಸ್ತೆ, ಅದರಲ್ಲಿ ಓಡುವ ಕಾರುಗಳು ಕೂಡ ಸ್ಪಷ್ಟವಾಗಿ ಕಾಣುತ್ತವೆ. ಆ ಯುವಕನ ಮನೆಯವರಿಗೂ ಆ ದಡ ಹೀಗೆಯೇ ಕಾಣುತ್ತಿದ್ದಿರಬೇಕು.

ಮೂರು ಗಂಟೆಗೆ ಬರುವೆನೆಂದಿದ್ದ ದೋಣಿಯವನು ಎರಡಕ್ಕೇ ಬಂದು ಕೂಗಿದ. ಗಾಳಿ ತಿರುಗುತ್ತಿದೆಯೆಂದ. ಯಾರೂ ತಕರಾರು ಮಾಡಲಿಲ್ಲ.