ಬರಗಾಲದ ಎಲೆ

ವಿಜಯಪುರ, ಬಾಗಲಕೋಟೆಗಳ ಎರೆಭೂಮಿಯಲ್ಲಿ ಹಿಂಗಾರು ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುವರು. ಆಮೇಲೆ ಮಳೆ ಬಂದರೆ ಅದೃಷ್ಟ; ಬಾರದಿದ್ದರೆ ಕರಿಮಣ್ಣು ಒಡಲಲ್ಲಿ ಹಿಡಿದಿಟ್ಟ ತೇವವೇ ಪೈರಿಗೆ ಕಡೆಯವರೆಗಿನ ಆಧಾರ. ತೇವ ಇಳಿದಂತೆ ನೆಲ ಬಿರುಕು ಬಿಡುತ್ತದೆ. ನಡುಹಗಲಿನಲ್ಲಿ ಎಲೆಗಳು ಕೊಳವೆಯಂತೆ ಸುತ್ತಿಕೊಳ್ಳುತ್ತವೆ. ಬೆಳಗಿನ ಜಾವ ಅವು ಮತ್ತೆ ಬಿಚ್ಚಿಕೊಂಡಿದ್ದರೆ ರೈತನಿಗೆ ನೆಮ್ಮದಿ. ಆಗಲೂ ಸುತ್ತಿಕೊಂಡೇ ಇದ್ದರೆ ಅವನ ಮುಖ ಬಾಡುತ್ತದೆ.

ಬಾಡಿದಂತೆ ಕಾಣುವ ಆ ಎಲೆ ಸುಮ್ಮನೆ ಕುಳಿತಿರುವುದಿಲ್ಲ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಇಂಗಾಲದ ಡೈಆಕ್ಸೈಡು ಒಳಬರುವುದೂ ನೀರಾವಿ ಹೊರಹೋಗುವುದೂ ಅವುಗಳ ಮೂಲಕವೇ. ನೀರನ್ನು ಉಳಿಸಲೆಂದು ಬಾಗಿಲು ಮುಚ್ಚಿದರೆ ಅನ್ನದ ದಾರಿಯೂ ಮುಚ್ಚಿದಂತೆ. ಜೋಳವು ಕಬ್ಬಿನಂತೆಯೇ ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಒಟ್ಟುಗೂಡಿಸಿ ಬಳಸಬಲ್ಲ ಸಸ್ಯ. ಆದ್ದರಿಂದ ಬಾಗಿಲನ್ನು ಓರೆಮಾಡಿಕೊಂಡೂ ಬತ್ತಕ್ಕಿಂತ ಚೆನ್ನಾಗಿ ಸಂಸಾರ ತೂಗಿಸುತ್ತದೆ. ಆದರೆ ಅದಕ್ಕೂ ಮಿತಿಯುಂಟು.

ವಿಚಿತ್ರವೆಂದರೆ, ಬರದ ಮೊದಲ ದಿನಗಳಲ್ಲಿ ಎಲೆಯ ಸಕ್ಕರೆ ಕಡಮೆಯಾಗುವ ಬದಲು ಹೆಚ್ಚುವುದುಂಟು. ಸಕ್ಕರೆಯ ತಯಾರಿಕೆ ಕುಗ್ಗುವ ಮೊದಲೇ ಗಿಡದ ಬೆಳವಣಿಗೆ ನಿಂತು, ಖರ್ಚು ತಗ್ಗಿರುತ್ತದೆ. ಇತ್ತ ಕಿಣ್ವಗಳು ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಒಡೆಯುತ್ತವೆ. ಅದು ಸುಕ್ರೋಸು, ಗ್ಲುಕೋಸು, ಫ್ರಕ್ಟೋಸುಗಳೆಂಬ ಸಕ್ಕರೆಗಳಾಗುತ್ತದೆ. ಪಿಷ್ಟ ತಣ್ಣೀರಿನಲ್ಲಿ ಕರಗದು, ಸಕ್ಕರೆ ಕರಗುವುದು. ಕರಗಿದ ಸಕ್ಕರೆಯಿಂದ ಜೀವಕೋಶದ ರಸ ಗಟ್ಟಿಯಾಗಿ, ಇದ್ದಷ್ಟು ನೀರನ್ನು ಬಿಗಿಹಿಡಿಯುತ್ತದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಉಪ್ಪು ಮಾವಿನ ಹೋಳಿನಿಂದ ನೀರನ್ನು ಸೆಳೆಯುವುದಿಲ್ಲವೆ? ಅದೇ ಬಲವನ್ನು ಎಲೆ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ.

ಈ ಉಪಾಯಕ್ಕೆ ಬೆಲೆ ತೆರುವುದು ತೆನೆ. ಕಾಳಿಗೆ ಹೋಗಬೇಕಾದ ಸಕ್ಕರೆಯಲ್ಲಿ ಒಂದು ಪಾಲು ಎಲೆಯ ಜೀವ ಹಿಡಿಯಲು ಸಲ್ಲುತ್ತದೆ. ಬರ ಮುಂದುವರಿದು ತಯಾರಿಕೆಯೂ ಕುಂದಿದರೆ, ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ತೆನೆಗೆ ಸಾಗಿಸತೊಡಗುತ್ತದೆ. ಕಾಳು ಒಂದಿಷ್ಟು ತುಂಬುವುದು ನಿಜ. ಆದರೆ ಬರಿದಾದ ದಂಟಿಗೆ ಕೊಳೆಸುವ ಶಿಲೀಂಧ್ರ ಸುಲಭವಾಗಿ ಹೊಕ್ಕು, ಗಿಡ ಬುಡದಲ್ಲೇ ಮುರಿದು ಒರಗಬಹುದು. ಆಗ ಮನುಷ್ಯರ ರೊಟ್ಟಿಗೂ ಎತ್ತುಗಳ ಕಣಿಕೆಗೂ ಒಟ್ಟಿಗೇ ಕುತ್ತು.

ಕೆಲವು ಜೋಳಗಳಲ್ಲಿ ಮಾತ್ರ ಕಾಳು ಬಲಿಯುವತನಕ ಮೇಲಿನ ಎಲೆಗಳು ಹಸಿರಾಗಿಯೇ ಉಳಿದು, ಹನಿಹನಿಯಾಗಿ ಸಕ್ಕರೆಯನ್ನು ಒದಗಿಸುತ್ತಿರುತ್ತವೆ. ತಳಿ ಬೆಳೆಸುವ ವಿಜ್ಞಾನಿಗಳು ಅಂಥ ಗಿಡಗಳನ್ನು ಹುಡುಕಿ, ಆ ಗುಣವನ್ನು ಇತರ ತಳಿಗಳಿಗೆ ಕೂಡಿಸುತ್ತಿದ್ದಾರೆ.