ಹವಳಕ್ಕೆ ಎಷ್ಟು ಬಿಸಿಲು

ಯಲ್ಲಾಪುರ ಕಡೆಯ ಹುಡುಗನೊಬ್ಬ ಕಳೆದ ವಾರ ಒಂದು ವಿಡಿಯೋ ಕಳಿಸಿದ್ದ. ಅಮೆರಿಕದಲ್ಲಿ ಒಬ್ಬ ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ, ಎಲ್‌ಇಡಿ ಬೆಳಕಿನ ಕೆಳಗೆ ಹವಳ ಬೆಳೆಸಿ, ಹೆಬ್ಬೆರಳಿನಷ್ಟು ತುಂಡನ್ನು ನಮ್ಮ ಲೆಕ್ಕದಲ್ಲಿ ನಾಲ್ಕೈದು ಸಾವಿರಕ್ಕೆ ಮಾರುವುದು. "ನೀವು ಅಲ್ಲಿ ಆರು ತಿಂಗಳು ಇದ್ದು ನೋಡಿ ಬಂದವರಂತೆ. ನಮ್ಮ ಹಳೇ ಅಡಿಕೆ ಅಟ್ಟ ಖಾಲಿ ಇದೆ. ಸೊಸೈಟಿಯಲ್ಲಿ ಮೂರು ಲಕ್ಷ ಸಾಲ ಕೇಳಿದ್ದೇನೆ, ಮಾಡಬಹುದಾ ಹೇಳಿ" ಅಂತ ಕೇಳಿದ್ದ. ನಗುವ ಮಾತಲ್ಲ ಇದು. ಎಲೆಚುಕ್ಕೆ ಬಂದು ಎರಡು ವರ್ಷದಿಂದ ಅವನಿಗೆ ಅರ್ಧ ಬೆಳೆಯೂ ಕೈಗೆ ಸಿಕ್ಕಿಲ್ಲ. ಊರಲ್ಲೇ ಉಳಿಯಬೇಕು ಅಂತ ಹಟ ಹಿಡಿದ ಹುಡುಗ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನಿಸಿತು. ಬೇರೆಯವರಿಗೂ ಇದೇ ಆಲೋಚನೆ ಇರಬಹುದು. ಹಾಗಾಗಿ ಇಲ್ಲಿ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗ್ತದೆ.

ನಾವು ಗಂಡ ಹೆಂಡತಿ ಹೋದದ್ದು ಮಗಳ ಬಾಣಂತನಕ್ಕೆ. ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಹೆಂಡತಿಗೆ ಬೆಳಗಿಂದ ರಾತ್ರಿವರೆಗೆ ಕೆಲಸ, ನನಗೆ ಒಂದೂ ಇಲ್ಲ. ತೋಟ ಬಿಟ್ಟು ಹೋದವನಿಗೆ ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ಅಳಿಯನ ಹಾಲ್‌ನಲ್ಲಿ ನಾಲ್ಕಡಿ ಉದ್ದದ, ಸುಮಾರು 280 ಲೀಟರಿನ ಉಪ್ಪುನೀರಿನ ತೊಟ್ಟಿ ಇತ್ತು. ಅದೇ ನನ್ನ ತೋಟ ಆಯ್ತು.

ಹವಳ ಅಂದರೆ ನಮ್ಮಲ್ಲಿ ಉಂಗುರಕ್ಕೆ ಕೂರಿಸುವ ಕೆಂಪು ಹರಳು. ಅದು ಬೇರೆ ಜಾತಿ, ಬೆಳಕಿನ ಹಂಗಿಲ್ಲದೆ ಬೆಳೆಯುವಂಥದ್ದು. ತೊಟ್ಟಿಯಲ್ಲಿ ಸಾಕುವುದು ಬೆಳಕು ತಿನ್ನುವ ಹವಳ. ನೋಡೋದಕ್ಕೆ ಗಿಡದ ಹಾಗೆ, ಮುಟ್ಟಿದರೆ ಕಲ್ಲು, ನಿಜದಲ್ಲಿ ಪ್ರಾಣಿ. ಸಾಸಿವೆ ಕಾಳಿನಷ್ಟರಿಂದ ಹಿಡಿದು ಅಂಗೈ ಅಗಲದವರೆಗೆ ಬಾಯಿ ಇರುವ ಜೀವಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಕೆಳಗೆ ಸುಣ್ಣದ ಕಲ್ಲು ಕಟ್ಟುತ್ತಾ ಹೋಗ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲು ಇರ್ತದೆ. ಬೆಳಕು ಬಿದ್ದಾಗ ಆ ಪಾಚಿ ಸಕ್ಕರೆ ತಯಾರು ಮಾಡಿ ಹವಳಕ್ಕೆ ಕೊಡ್ತದೆ. ಹವಳದ ಊಟದ ದೊಡ್ಡ ಪಾಲು, ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತರವರೆಗೆ, ಬರುವುದು ಇದರಿಂದಲೇ. ಬದಲಿಗೆ ಹವಳ ಅದಕ್ಕೆ ಇರಲು ಜಾಗ, ತಿನ್ನಲು ತನ್ನ ಕಸವನ್ನು ಕೊಡ್ತದೆ. ಕೊಟ್ಟಿಗೆ ಮತ್ತು ತೋಟ ಒಂದೇ ಚರ್ಮದೊಳಗೆ ಇದ್ದ ಹಾಗೆ.

ನಾನು ಹೋಗುವ ತಿಂಗಳ ಹಿಂದಷ್ಟೇ ಅಳಿಯ ಹಳೇ ಟ್ಯೂಬ್‌ಲೈಟ್ ತೆಗೆದು ಹೊಸ ಎಲ್‌ಇಡಿ ಹಾಕಿದ್ದ. ಆಮೇಲೆ ಮೇಲಿನ ಸಾಲಿನ ಹವಳ ಒಂದೊಂದೇ ಬೆಳ್ಳಗಾಗತೊಡಗಿದವು. "ರೋಗ ಬಂಜು ಕಾಣ್ತು ಮಾವಯ್ಯ" ಅಂತ ಒಂದೊಂದೇ ಔಷಧ ತರಿಸ್ತಾ ಇದ್ದ. ಮಗಳಿಗೆ ಆ ಖರ್ಚಿನ ಮೇಲೆ ಸಿಟ್ಟು. ಮನೆಯಲ್ಲಿ ಕೂಸು, ಹಾಲ್‌ನಲ್ಲಿ ಈ ಯಜ್ಞ. ನಾನು ನಾಲ್ಕು ದಿನ ಬರೀ ನೋಡಿದೆ. ಬಿಳುಪು ಇದ್ದದ್ದು ಬೆಳಕಿಗೆ ಮುಖ ಮಾಡಿದ ಕಡೆ ಮಾತ್ರ. ಅದೇ ಹವಳದ ಅಡಿಭಾಗ, ಕಲ್ಲಿನ ನೆರಳು ಬೀಳುವ ಅಂಚು, ಮೊದಲಿನ ಬಣ್ಣದಲ್ಲೇ ಇತ್ತು. ರೋಗ ಆದರೆ ಮೇಲೆ ಕೆಳಗೆ ನೋಡಿಕೊಂಡು ಬರ್ತದಾ? ತೋಟದ ಪಶ್ಚಿಮದ ಅಂಚಿನ ಹಲಸಿನ ಮರ ಬಿದ್ದ ವರ್ಷ ಒಳಗಿನ ಅಡಿಕೆ ಮರದ ಕಾಂಡ ಒಂದೇ ಮಗ್ಗುಲಲ್ಲಿ ಸುಡ್ತದಲ್ಲ, ಅದಕ್ಕೇ ಹಾಳೆ ಕಟ್ಟುವುದು, ಸುಣ್ಣ ಬಳಿಯುವುದು. ಇದು ಅದೇ ಲಕ್ಷಣ. "ರೋಗ ಅಲ್ದೋ, ಬಿಸ್ಲು ತಾಗಿದ್ದು" ಅಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಕಾರಣ ಇದೆ. ಈ ಹವಳದ ಎಲ್‌ಇಡಿ ಹೆಚ್ಚಾಗಿ ನೀಲಿ. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲೆಯೇ ನುಂಗಿಬಿಡ್ತದೆ, ಆಳಕ್ಕೆ ಇಳಿಯುವುದು ನೀಲಿ. ಹಾಗಾಗಿ ಹವಳದೊಳಗಿನ ಪಾಚಿಗೆ ನೀಲಿ ರೂಢಿ. ಆದರೆ ನಮ್ಮ ಕಣ್ಣಿಗೆ ನೀಲಿ ಮಂಕಾಗಿ ಕಾಣ್ತದೆ. ಕೋಣೆ ಮಂಕಾಗಿದೆ ಅಂತ ಜನ ಬೆಳಕು ಏರಿಸ್ತಾ ಹೋಗ್ತಾರೆ, ಅತ್ತ ಹವಳಕ್ಕೆ ಮಧ್ಯಾಹ್ನದ ಬಿಸಿಲು ಆಗಿರ್ತದೆ. ಕಡೆಗೆ ಪಾರ್ ಮೀಟರ್ ಅಂತ ಒಂದು ಅಳತೆ ಯಂತ್ರ ಬಾಡಿಗೆಗೆ ತಂದ. ಗಿಡಕ್ಕೆ, ಪಾಚಿಗೆ ಉಪಯೋಗ ಬೀಳುವ ಬೆಳಕನ್ನು ಮಾತ್ರ ಎಣಿಸುವ ಯಂತ್ರ ಅದು. ಬೇಸಿಗೆಯ ನಡು ಮಧ್ಯಾಹ್ನ ಬಯಲಿನಲ್ಲಿ ಸುಮಾರು 2000 ತೋರಿಸ್ತದೆ. ತೊಟ್ಟಿಯ ಮೇಲಿನ ಕಲ್ಲಿನ ಹತ್ತಿರ ಹಿಡಿದರೆ 480, ತಳದ ಮರಳಿನ ಮೇಲೆ 110. ಅಣಬೆಯಂಥ ಮೆತ್ತಗಿನ ಹವಳಕ್ಕೆ 50ರಿಂದ 100 ಸಾಕು. ಸುತ್ತಿಗೆ ತಲೆಯ ಹಾಗೆ ತುದಿ ಇರುವ ದೊಡ್ಡ ಬಾಯಿಯವಕ್ಕೆ 100ರಿಂದ 150. ಕವಲು ಕವಲಾಗಿ ಬೆಳೆಯುವ ಸಣ್ಣ ಬಾಯಿಯವು 200ರಿಂದ 350 ತಡೀತಾವೆ, ಅದೂ ರೂಢಿ ಆದ ಮೇಲೆ. ಹಳೇ ಟ್ಯೂಬ್‌ನ ಮಂದ ಬೆಳಕಿನಲ್ಲಿ ವರ್ಷಗಟ್ಟಲೆ ಇದ್ದವನ್ನು ಒಂದೇ ದಿನದಲ್ಲಿ 480ಕ್ಕೆ ನಿಲ್ಲಿಸಿದರೆ ಏನಾಗಬೇಕು? ಬೆಳಕು ವಿಪರೀತ ಆದಾಗ ಒಳಗಿನ ಪಾಚಿ ವಿಷ ಕಕ್ಕಲು ಶುರು ಮಾಡ್ತದೆ, ಹವಳ ಅದನ್ನು ಹೊರಗೆ ಹಾಕ್ತದೆ. ಪಾರದರ್ಶಕ ಮೈಯೊಳಗಿಂದ ಸುಣ್ಣದ ಎಲುಬು ಕಾಣ್ತದೆ. ಅದೇ ಆ ಬಿಳುಪು. ಸತ್ತಿಲ್ಲ, ಉಪವಾಸ ಬಿದ್ದಿದೆ.

ಬೆಳಕನ್ನು ಅರ್ಧಕ್ಕೂ ಕೆಳಗೆ ಇಳಿಸಿ, ವಾರಕ್ಕೆ ನೂರಕ್ಕೆ ಐದರಷ್ಟು ಏರಿಸ್ತಾ ಬಂದೆವು. ದಿನಕ್ಕೆ ಒಂಬತ್ತು ಗಂಟೆ, ಬೆಳಗ್ಗೆ ಸಂಜೆ ಮಂದ, ನಡುವೆ ಮಾತ್ರ ಪೂರ್ತಿ. ನೆರಳು ಮನೆಯ ಮೆಣಸಿನ ಸಸಿಯನ್ನು ಹೊರಗೆ ಇಡುವಾಗ ನಾವು ಮಾಡುವುದೂ ಇದನ್ನೇ.

ಎರಡೂವರೆ ತಿಂಗಳು ಹಿಡೀತು. ಎರಡು ಹವಳ ಹೋದವು. ಉಳಿದವಕ್ಕೆ ಮೊದಲು ಬಂದದ್ದು ಕಂದು ಬಣ್ಣ, ಅಳಿಯನಿಗೆ ಬೇಜಾರು. ನನಗೆ ಅದೇ ಒಳ್ಳೇ ಸುದ್ದಿ ಅನಿಸಿತು, ಯಾಕೆಂದರೆ ಕಂದು ಅಂದರೆ ಪಾಚಿ ವಾಪಸು ಬಂದದ್ದು. ಹಸುರು, ನೇರಳೆ, ಕಿತ್ತಳೆ ಎಲ್ಲ ಹವಳ ತಾನೇ ಮಾಡಿಕೊಳ್ಳುವ ಬಣ್ಣ. ಅದರಲ್ಲಿ ಒಂದಿಷ್ಟು ಬಿಸಿಲಿಗೆ ಹಿಡಿದ ಕೊಡೆಯ ಕೆಲಸ ಮಾಡ್ತದೆ. ಹೊಟ್ಟೆ ತುಂಬಿದ ಮೇಲೆ ಬಣ್ಣ.

ಹೊಟ್ಟೆಯ ವಿಷಯದಲ್ಲೂ ಅಳಿಯನದ್ದು ಒಂದು ನಂಬಿಕೆ ಇತ್ತು, ನೀರು ಎಷ್ಟು ಶುದ್ಧವೋ ಅಷ್ಟು ಒಳ್ಳೆಯದು ಅಂತ. ಫಿಲ್ಟರ್ ಮೇಲೆ ಫಿಲ್ಟರ್ ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡಿ ಇಟ್ಟಿದ್ದ. ನೈಟ್ರೇಟ್ ಅಂದರೆ ಸಾರಜನಕ, ಫಾಸ್ಫೇಟ್ ಅಂದರೆ ರಂಜಕ. ಎರಡೂ ಇಲ್ಲದ ಮಣ್ಣಿಗೆ ಬಿಸಿಲು ಮಾತ್ರ ಜಾಸ್ತಿ ಕೊಟ್ಟರೆ ಬೆಳೆ ಏನಾಗ್ತದೆ ನಿಮಗೆ ಗೊತ್ತಿದೆ. ಒಂದು ಫಿಲ್ಟರ್ ತೆಗೆಸಿ, ಮೀನಿಗೆ ಎರಡು ಹೊತ್ತು ಊಟ ಹಾಕಿಸಿದೆ. ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ, ಫಾಸ್ಫೇಟ್ 0.05ರ ಆಸುಪಾಸು ನಿಂತ ಮೇಲೆ ಮೇಲಿನ ಸಾಲಿಗೂ ಕಳೆ ಬಂತು. ಅದೇ ಹತ್ತು ಪಟ್ಟು ಆದರೆ ಗಾಜೆಲ್ಲ ಪಾಚಿ, ಹವಳವೆಲ್ಲ ಕಂದು.

ಕೊಳೆ ಮದ್ದಿನವರಿಗೆ ಮಜಾ ಅನಿಸುವ ವಿಷಯ ಒಂದಿದೆ. ಬೋರ್ಡೋ ದ್ರಾವಣಕ್ಕೆ ನಾವು ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕ್ತೇವಲ್ಲ, ಅವೆರಡರಲ್ಲಿ ಒಂದು ಹವಳಕ್ಕೆ ಅಮೃತ, ಇನ್ನೊಂದು ವಿಷ. ಹವಳ ಎಲುಬು ಕಟ್ಟಬೇಕಾದರೆ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಬೇಕು. ಅಲ್ಲಿ ಉಪ್ಪಿನಕಾಯಿ ಸುಣ್ಣ ಅಂತ ದಿನಸಿ ಅಂಗಡಿಯಲ್ಲೇ ಸಿಗ್ತದೆ, ಅದನ್ನು ಲೀಟರಿಗೆ ಸುಮಾರು ಒಂದೂವರೆ ಗ್ರಾಂನಂತೆ ಕರಗಿಸಿ, ಕೆಳಗೆ ಕೂತದ್ದನ್ನು ಬಿಟ್ಟು ತಿಳಿಯನ್ನು ಮಾತ್ರ ಹನಿ ಹನಿಯಾಗಿ ಬಿಡ್ತಾರೆ. ಅದೂ ರಾತ್ರಿ. ಬೆಳಕಿಲ್ಲದಾಗ ಪಾಚಿ ಕೆಲಸ ನಿಲ್ಲಿಸ್ತದೆ, ನೀರು ಹುಳಿ ಕಡೆ ತಿರುಗ್ತದೆ, ಸುಣ್ಣ ಅದನ್ನು ಸರಿದೂಗಿಸ್ತದೆ. ಒಮ್ಮೆಲೇ ಸುರಿದರೆ ತೊಟ್ಟಿಯೇ ಹೋಗ್ತದೆ. ತಾಮ್ರ ಮಾತ್ರ ತೀರ ಸ್ವಲ್ಪ ತಾಗಿದರೂ ಹವಳ, ಸಿಗಡಿ, ಶಂಖದ ಹುಳ ಎಲ್ಲ ಸಾಯ್ತವೆ. ನನ್ನ ಹೆಂಡತಿ ಕುಡಿಯುವ ನೀರಿಗೆ ಅಂತ ಊರಿಂದ ತಾಮ್ರದ ಚೊಂಬು ತಗೊಂಡು ಹೋಗಿದ್ದಳು. ಅಳಿಯ ಮೊದಲ ದಿನವೇ ಅದನ್ನು ತೊಟ್ಟಿಯ ಹತ್ತಿರ ತರಬಾರದು ಅಂತ ಕೈ ಮುಗಿದ.

ತುಂಡು ಮಾಡಿ ಸಸಿ ಮಾಡುವುದೂ ನಮಗೆ ಹೊಸತಲ್ಲ. ಮೆಣಸಿನ ಹಬ್ಬುಬಳ್ಳಿಯನ್ನು ಗೆಣ್ಣು ಲೆಕ್ಕ ಹಾಕಿ ಕತ್ತರಿಸಿ ಕೊಟ್ಟೆಗೆ ಹಾಕುವ ಹಾಗೆ, ಹವಳವನ್ನು ಇಕ್ಕಳದಂಥ ಕತ್ತರಿಯಲ್ಲಿ ತುಂಡರಿಸಿ ಸೂಪರ್ ಗ್ಲೂ ಹಚ್ಚಿ ಸಣ್ಣ ಬಿಲ್ಲೆಗೆ ಅಂಟಿಸ್ತಾರೆ. ಕೆಲವು ವಾರದಲ್ಲಿ ಬುಡ ಹಬ್ಬಿ ಬಿಲ್ಲೆಯನ್ನು ಮುಚ್ಚಿಕೊಳ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಗುಂಡಿಯಂತೆ ಚಂದ ಕಾಣುವ ಒಂದು ಜಾತಿಯಲ್ಲಿ ಮನುಷ್ಯನ ಜೀವ ತೆಗೆಯುವಂಥ ವಿಷ ಇರ್ತದೆ.

ಇಷ್ಟೆಲ್ಲ ಓದಿ ಯಲ್ಲಾಪುರದ ಹುಡುಗನಿಗೆ ಹುಮ್ಮಸ್ಸು ಬಂದಿರಬಹುದು. ಕೆಲಸದ ಹದ ನಮಗೆ ಗೊತ್ತಿರುವಂಥದ್ದೇ, ಹೌದು. ಆದರೂ ತಮ್ಮಾ, ಆ ಮೂರು ಲಕ್ಷ ಇದಕ್ಕೆ ಹಾಕಬೇಡ.

ಮೊದಲನೇ ಮಾತು ಕಾನೂನು. ಕಲ್ಲು ಕಟ್ಟುವ ಹವಳ ಅಷ್ಟೂ, ಸಮುದ್ರದ ಬೀಸಣಿಗೆ ಅನ್ನುವ ಜಾತಿಯೂ ಸೇರಿ, 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಇವೆ. ಹುಲಿ, ಆನೆ ಇರುವ ಪಟ್ಟಿ ಅದು. ಹಿಡಿದರೆ, ಮಾರಿದರೆ ಮೂರು ವರ್ಷದಿಂದ ಏಳು ವರ್ಷ ಜೈಲು, ಮೇಲೆ ದಂಡ. "ಅಮೆರಿಕದಲ್ಲಿ ಸಾಕಿದ್ದು, ಸಮುದ್ರದಿಂದ ಕಿತ್ತದ್ದಲ್ಲ" ಅಂದರೂ ಬ್ಯಾಗಿನಲ್ಲಿ ಹಾಕಿಕೊಂಡು ಬರೋದಕ್ಕೆ ಆಗೂದಿಲ್ಲ, ಗಡಿ ದಾಟಿಸಲಿಕ್ಕೆ ಎರಡೂ ದೇಶದ ಪರವಾನಗಿ ಬೇಕು. ಬೆಂಗಳೂರಿನಲ್ಲಿ ಯಾರೋ ಇಟ್ಟುಕೊಂಡಿದ್ದಾರೆ, ಆನ್‌ಲೈನ್‌ನಲ್ಲಿ ಸಿಗ್ತದೆ ಅಂತ ನೀನು ಹೇಳ್ತೀಯ. ಸಿಗ್ತದೆ ಅನ್ನುವುದು ಬೇರೆ, ಸಾಲ ಮಾಡಿ ಅದರ ಮೇಲೆ ಜೀವನ ಕಟ್ಟುವುದು ಬೇರೆ. ಅರಣ್ಯ ಇಲಾಖೆಯ ಜೊತೆ ಅತಿಕ್ರಮಣದ ಕೇಸು ನಡೆಸ್ತಾ ಇರುವ ಊರಿನವರಿಗೆ ಇನ್ನೊಂದು ಕೇಸು ಬೇಕಾ?

ಎರಡನೇದು ಕರೆಂಟು. ಹವಳದ ತೊಟ್ಟಿಯಲ್ಲಿ ಬೆಳಕು ಒಂದೆರಡು ದಿನ ಇಲ್ಲದಿದ್ದರೂ ನಡೀತದೆ, ನೀರು ತಿರುಗಿಸುವ ಪಂಪ್ ನಿಂತರೆ ಕೆಲವೇ ಗಂಟೆಯಲ್ಲಿ ಉಸಿರುಕಟ್ಟಲು ಶುರು. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ನಮ್ಮಲ್ಲಿ ಮೂರು ದಿನ ಕರೆಂಟಿಲ್ಲದ್ದು ಎಷ್ಟು ಸಲ? ಅಳಿಯನ ಊರಿನಲ್ಲಿ ನಾನಿದ್ದ ಆರು ತಿಂಗಳಲ್ಲಿ ಒಮ್ಮೆ ನಲವತ್ತು ನಿಮಿಷ ಹೋದದ್ದಕ್ಕೆ ಅವ ಬ್ಯಾಟರಿ ಹಿಡಿದು ಓಡಾಡಿದ. ನಿನ್ನ ಅಟ್ಟಕ್ಕೆ ಜನರೇಟರ್ ಬೇಕು, ಡೀಸೆಲ್ ಬೇಕು, ಅದನ್ನು ರಾತ್ರಿ ಎದ್ದು ಹಚ್ಚುವವರು ಬೇಕು.

ಸಮುದ್ರದ ಬಣ್ಣದ ಜೀವಗಳ ಮೇಲೆಯೇ ಮನಸ್ಸಿದ್ದರೆ ಮೀನು ನೋಡು. ಕಿತ್ತಳೆ ಮೇಲೆ ಬಿಳಿ ಪಟ್ಟೆಯ ಕೋಡಂಗಿ ಮೀನನ್ನು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಮಾಡುವ ಕ್ರಮವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ್ದಾರೆ. ಅವರ ಕೇಂದ್ರ ಕಾರವಾರದಲ್ಲೇ ಇದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ದಿನ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬಾ. ಕರೆಂಟಿನ ತೊಂದರೆ ಅಲ್ಲೂ ಇದೆ, ಜೈಲಿನದ್ದು ಇಲ್ಲ.

ಮತ್ತೊಂದು, ಇದು ಎಲ್ಲರಿಗೂ. ಮೆಣಸಿನ ನರ್ಸರಿಗೆ, ಅಲಂಕಾರದ ಗಿಡಕ್ಕೆ ಅಂತ ಎಲ್‌ಇಡಿ ಮಾರುವವರು ಈಗ ಊರಿಗೂ ಬರ್ತಾ ಇದ್ದಾರೆ. ಎಷ್ಟು ವ್ಯಾಟ್ ಅಂತ ಹೇಳ್ತಾರೆ. ವ್ಯಾಟ್ ಅಂದರೆ ಬಿಲ್ಲಿನ ಲೆಕ್ಕ, ಗಿಡದ ಲೆಕ್ಕ ಅಲ್ಲ. ಒಂದೂವರೆ ಅಡಿ ಕೆಳಗೆ ಪಾರ್ ಎಷ್ಟು ಬರ್ತದೆ ಅಂತ ಕೇಳಿ. ಉತ್ತರ ಬರದಿದ್ದರೆ ಚಾ ಕೊಟ್ಟು ಕಳಿಸಿ. ಸೂರ್ಯ ಪುಕ್ಕಟೆ ಇರುವ ನಮ್ಮಲ್ಲಿ ಮೆಣಸಿನ ಸಸಿಗೆ ನೆರಳು ಬಲೆ ಸಾಕು ಅಂತ ನನ್ನ ಲೆಕ್ಕ.

ಹವಳ ನೋಡಲೇಬೇಕು ಅನ್ನುವವರಿಗೆ ಅಮೆರಿಕ ಬೇಡ. ನಮ್ಮ ಜಿಲ್ಲೆಯಲ್ಲೇ ಇದೆ, ಮುರ್ಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್, ನೇತ್ರಾಣಿ ಗುಡ್ಡದ ಸುತ್ತ. ಅಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ ಯಾರ ಕೈಯಲ್ಲೂ ಇಲ್ಲ. ಬೇಸಿಗೆಯ ನೀರಿನ ಬಿಸಿ ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಅಳಿಯನ ತೊಟ್ಟಿಯಲ್ಲಿ ಕಂಡ ಅದೇ ಬಿಳುಪು ಸಮುದ್ರದಲ್ಲಿಯೂ ಬರ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಹಾಗೇ ಆಯಿತು. ನೇತ್ರಾಣಿಯಲ್ಲಿ ಮುಳುಗಿ ನೋಡಲಿಕ್ಕೆ ಕರೆದುಕೊಂಡು ಹೋಗುವವರು ಮುರ್ಡೇಶ್ವರದಲ್ಲಿ ಇದ್ದಾರೆ, ಈಜು ಬರದಿದ್ದರೂ ಜೊತೆಗೆ ಒಬ್ಬ ಇರ್ತಾನೆ. ಮುಟ್ಟಬಾರದು, ಕಾಲು ಇಡಬಾರದು. ಮಳೆ ಹಿಡಿದರೆ ದೋಣಿ ಬಿಡೂದಿಲ್ಲ, ಹೋಗುವವರು ಕೊನೆಕೊಯ್ಲು ಮುಗಿಸಿ ಮೇ ಒಳಗೆ ಹೋಗಿ ಬನ್ನಿ.