ಭೂಪಟದಲ್ಲಿಲ್ಲದ ಊರಿನ ಪೊಲೀಸ್ ಠಾಣೆ

ರಕೂನ್ ಸಿಟಿ ಅಮೆರಿಕದ ನಡುಭಾಗದ ಒಂದು ಊರು. ಅಟ್ಲಾಸ್ ತೆಗೆದು ಹುಡುಕಬೇಡಿ, ಸಿಗುವುದಿಲ್ಲ. ಅದನ್ನು ಕಟ್ಟಿದವರು ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಕಂಪನಿಯವರು. ‘ರೆಸಿಡೆಂಟ್ ಈವಿಲ್ 2’ ಎಂಬ ವಿಡಿಯೊ ಗೇಮ್ 1998ರಲ್ಲಿ ಹೊರಬಂದಾಗ ಲಕ್ಷಾಂತರ ಜನ ಈ ಊರಿಗೆ ಹೋಗಿಬಂದರು. 2019ರಲ್ಲಿ ಅದೇ ಕಂಪನಿ ಅದೇ ಊರನ್ನು ತಳಪಾಯದಿಂದ ಹೊಸದಾಗಿ ಕಟ್ಟಿತು. ಕಂಪ್ಯೂಟರಿನ ಮುಂದೆ ಕುಳಿತು ಕೆಲವು ಸಂಜೆ ನಾನು ಸುತ್ತಾಡಿದ್ದು ಈ ಹೊಸ ಊರಿನಲ್ಲಿ.

ಹೊರಡುವ ಮುನ್ನ ಒಂದು ಮಾತು. ಯುರೋಪಿನ ವರ್ಗೀಕರಣದಂತೆ ಈ ಆಟ 18 ತುಂಬಿದವರಿಗೆ; ಅಮೆರಿಕದಲ್ಲಿ 17. ಆದ್ದರಿಂದ ವಿದ್ಯಾರ್ಥಿಗಳೇ, ಸದ್ಯಕ್ಕೆ ನೀವು ಓದಿಯೇ ತೃಪ್ತರಾಗಬೇಕು. ಪಾಲಕರು ಮಾತ್ರ ಒಳಗೆ ಬರಲೇಬೇಕು.

1998ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ, ಜಡಿಮಳೆ. ಕೆಲಸಕ್ಕೆ ಹೊಸದಾಗಿ ಸೇರಿದ ಪೊಲೀಸ್ ಲಿಯಾನ್ ಮತ್ತು ಅಣ್ಣನನ್ನು ಹುಡುಕಿಕೊಂಡು ಬಂದ ಕ್ಲೇರ್ ಊರು ಸೇರುತ್ತಾರೆ. ಅಂಬ್ರೆಲಾ ಎಂಬ ಔಷಧ ಕಂಪನಿಯ ವೈರಸ್ ಹರಡಿ, ಸತ್ತವರೆಲ್ಲ ಎದ್ದು ನಡೆಯುತ್ತಿದ್ದಾರೆ! ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಜೀವಂತ ಕೋಶವೇ ಬೇಕು. ಹೆಣವನ್ನು ಎಬ್ಬಿಸಿ ನಡೆಸುವುದು ಅದರಿಂದಾಗದು. ಪರೀಕ್ಷೆಯಲ್ಲಿ ಯಾರೂ ಹಾಗೆ ಬರೆದುಬಿಡಬೇಡಿ.

ಇಬ್ಬರೂ ಆಶ್ರಯಕ್ಕೆಂದು ಓಡುವುದು ಪೊಲೀಸ್ ಠಾಣೆಗೆ. ಠಾಣೆಯೆಂದರೆ ನಮ್ಮ ಕಣ್ಣಿಗೆ ಬರುವ ಎರಡು ಕೋಣೆಯ ಕಟ್ಟಡವಲ್ಲ. ಇದು ಹಿಂದೆ ಕಲಾ ಸಂಗ್ರಹಾಲಯವಾಗಿತ್ತಂತೆ. ಎತ್ತರದ ಹಜಾರದ ನಡುವೆ ದೇವತೆಯ ಪ್ರತಿಮೆ, ಮೇಲೆ ಗ್ರಂಥಾಲಯ, ಮೂಲೆಮೂಲೆಗೂ ಶಿಲ್ಪಗಳು. ಸಿಂಹ, ಒಂಟಿಕೊಂಬಿನ ಕುದುರೆ ಮತ್ತು ಕನ್ಯೆಯ ಚಿತ್ರಗಳಿರುವ ಮೂರು ಪದಕಗಳನ್ನು ಹುಡುಕಿ ತಂದು ಕೂರಿಸಿದರೆ ಪ್ರತಿಮೆಯ ಕೆಳಗೆ ಸುರಂಗದ ದಾರಿ ತೆರೆಯುತ್ತದೆ. ಪದಕ ಇರುವಲ್ಲಿಗೆ ಹೋಗಲು ಕೀಲಿ ಬೇಕು, ಕೀಲಿಗೆ ಇನ್ನೊಂದು ಬಾಗಿಲು ದಾಟಬೇಕು. ನಮ್ಮ ಅಜ್ಜಿಯರ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ!

ಹಳೆಯ ಠಾಣೆಯ ಕಾರಿಡಾರುಗಳಲ್ಲಿ ದೀಪ ಧಾರಾಳವಾಗಿತ್ತು. ಆಗಿನ ಯಂತ್ರದ ಶಕ್ತಿ ಕಡಿಮೆ. ಹೀಗಾಗಿ ಹಿನ್ನೆಲೆಗಳೆಲ್ಲ ಮೊದಲೇ ಸಿದ್ಧಪಡಿಸಿಟ್ಟ ಚಿತ್ರಗಳು, ಕ್ಯಾಮೆರಾ ಒಂದೊಂದು ಮೂಲೆಯಲ್ಲಿ ಸ್ಥಿರ. ಬಾಗಿಲು ನಿಧಾನವಾಗಿ ತೆರೆದುಕೊಳ್ಳುವ ದೃಶ್ಯ ಪ್ರತಿ ಸಲವೂ ಬರುತ್ತಿತ್ತು. ಅದು ಹೆದರಿಸುತ್ತಿತ್ತು ನಿಜ. ಆದರೆ ಆ ಮರೆಯಲ್ಲಿ ಯಂತ್ರವು ಸಿ.ಡಿ.ಯಿಂದ ಮುಂದಿನ ಕೋಣೆಯನ್ನು ಓದಿಕೊಳ್ಳುತ್ತಿತ್ತು. ಹೊಸ ಠಾಣೆಯಲ್ಲಿ ಕ್ಯಾಮೆರಾ ನಮ್ಮ ಹೆಗಲ ಹಿಂದೆಯೇ ಬರುತ್ತದೆ, ಬಾಗಿಲುಗಳು ತಡೆಯಿಲ್ಲದೆ ತೆರೆಯುತ್ತವೆ, ದೀಪಗಳು ಆರಿವೆ. ಟಾರ್ಚಿನ ಬೆಳಕು ಬಿದ್ದಷ್ಟೇ ಜಗತ್ತು. ಕತ್ತಲಲ್ಲಿ ಏನಿದೆಯೆಂದು ಊಹಿಸುವ ಕೆಲಸ ನಮ್ಮ ಮಿದುಳಿನದು.

ಕಣ್ಣು ಸೋತಲ್ಲಿ ಕಿವಿ ಶುರುವಾಗುತ್ತದೆ. ಬಲಗಡೆಯ ಸದ್ದು ಎಡಗಿವಿಗೆ ತಲುಪುವುದು ಒಂದಿಷ್ಟು ತಡವಾಗಿ. ಆ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಹೇಳುತ್ತದೆ. ಹೊಸ ಆಟದ ಶಬ್ದವನ್ನು ಈ ಲೆಕ್ಕದಲ್ಲೇ ಜೋಡಿಸಿದ್ದಾರೆ. ಹೆಡ್‌ಫೋನ್ ಹಾಕಿದರೆ ನರಳಾಟ ಯಾವ ಗೋಡೆಯಾಚೆಯದೆಂದು ತಿಳಿಯುತ್ತದೆ. ಛಾವಣಿಯಲ್ಲಿ ತೆವಳುವ ‘ಲಿಕ್ಕರ್’ ಎಂಬ ಪ್ರಾಣಿಗಂತೂ ಕಣ್ಣೇ ಇಲ್ಲ. ಅದು ನಮ್ಮ ಹೆಜ್ಜೆಯ ಸದ್ದನ್ನು ಕೇಳುತ್ತದೆ. ಓಡಿದರೆ ಕೆಟ್ಟಿರಿ, ಮೆಲ್ಲಗೆ ನಡೆದರೆ ಪಾರಾದಿರಿ.

ಗುಂಡು ಕಡಿಮೆ, ಚೀಲದಲ್ಲಿ ಜಾಗವೂ ಕಡಿಮೆ. ಕಿಟಕಿಗೆ ಹಲಗೆ ಬಡಿಯಬಹುದು, ಆದರೆ ಹಲಗೆಗಳೂ ಎಣಿಕೆಯವು. ಇಷ್ಟರಲ್ಲಿ ಧೈರ್ಯ ಕೊಡುವುದು ನಕ್ಷೆ. ಹುಡುಕಲು ಏನಾದರೂ ಉಳಿದಿರುವ ಕೋಣೆ ಕೆಂಪಗಿರುತ್ತದೆ, ಎಲ್ಲವನ್ನೂ ತೆಗೆದುಕೊಂಡದ್ದು ನೀಲಿಯಾಗುತ್ತದೆ. ನೀಲಿ ಹೆಚ್ಚಿದಂತೆ ಎದೆಬಡಿತ ಇಳಿಯುತ್ತದೆ. ಮೊದಲ ದಿನ ನಡುಕ ಹುಟ್ಟಿಸಿದ ಕಟ್ಟಡ ಮೂರನೆಯ ದಿನ ನಮ್ಮ ಮನೆಯಷ್ಟು ಪರಿಚಿತ.

ಆಟ ಕಟ್ಟಿದವರು ಕಾದಿರುವುದು ಆ ಗಳಿಗೆಗೇ! ಬಿದ್ದ ಹೆಲಿಕಾಪ್ಟರಿನ ಅವಶೇಷವನ್ನು ಒಂದೇ ಕೈಯಲ್ಲಿ ಎತ್ತಿ, ಟೋಪಿ ಧರಿಸಿದ ದೈತ್ಯನೊಬ್ಬ ಬರುತ್ತಾನೆ. ಗುಂಡಿಗೆ ಸಾಯುವುದಿಲ್ಲ, ಸ್ವಲ್ಪ ಹೊತ್ತು ಮಂಡಿಯೂರುತ್ತಾನಷ್ಟೆ. ಉಳಿದ ಹೆಣಗಳಂತೆ ಒಂದೆಡೆ ಇರದೆ ಕೋಣೆಯಿಂದ ಕೋಣೆಗೆ ನಮ್ಮನ್ನು ಹುಡುಕುತ್ತಾನೆ. ಮೇಲಿನ ಮಹಡಿಯಲ್ಲಿ ಧಪ್, ಧಪ್ ಎಂಬ ಬೂಟಿನ ಸದ್ದು. ನಕ್ಷೆಯೆಲ್ಲ ನೀಲಿಯಾಗಿದ್ದರೂ ಪ್ರಯೋಜನವಿಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳಿಗೆ ಇದು ಆಟವೆಂಬುದು ಗೊತ್ತಿಲ್ಲ. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ.

ಪಾಲಕರು ಗಮನಿಸಬೇಕಾದದ್ದು ಇಲ್ಲಿಯೇ. ಠಾಣೆಯ ಆರಂಭದಲ್ಲಿಯೇ, ಷಟರ್ ಕೆಳಗಿನಿಂದ ಎಳೆದ ಪೊಲೀಸನೊಬ್ಬನ ಅರ್ಧ ದೇಹ ಮಾತ್ರ ಈಚೆ ಬರುತ್ತದೆ. ಹೊಸ ತಂತ್ರಜ್ಞಾನ ಅದನ್ನು ಛಾಯಾಚಿತ್ರದಷ್ಟು ನಿಜವಾಗಿ ತೋರಿಸುತ್ತದೆ. 1998ರ ಚೌಕಚೌಕದ ಗೊಂಬೆಗಳನ್ನು ನೆನೆದು ‘ನಾವೂ ಆಡಿದ್ದೆವಲ್ಲ’ ಎನ್ನುವ ತಂದೆಯಂದಿರು ಹೊಸದನ್ನು ಒಮ್ಮೆ ನೋಡಲಿ. ಬೆಳೆದವರು ಆಟ ನಿಲ್ಲಿಸಿ ಊಟಕ್ಕೆ ಏಳಬಲ್ಲರು. ಹತ್ತು ವರ್ಷದ ಮಗುವಿನ ಜೊತೆ ಆ ಬೂಟಿನ ಸದ್ದು ಹಾಸಿಗೆಯವರೆಗೂ ಬರಬಹುದು.

ಹೆಸರು ಕೇಳಿದೊಡನೆ ಗದರಿದರೆ ಮಗು ಸ್ನೇಹಿತನ ಮನೆಯಲ್ಲಿ ಆಡುತ್ತದೆ. ಬದಲಿಗೆ ನೀವೇ ಒಂದು ಗಂಟೆ ಆ ಠಾಣೆಯಲ್ಲಿ ಓಡಾಡಿ ಬನ್ನಿ. ಆಮೇಲೆ ಅಲ್ಲಿ ಏನಿದೆ, ಯಾಕೆ ಈಗ ಬೇಡ ಎಂದು ಕೂರಿಸಿಕೊಂಡು ಹೇಳಿ. ನೋಡಿ ಬಂದವರ ಮಾತಿಗೆ ಮಕ್ಕಳು ಕಿವಿಗೊಡುತ್ತಾರೆ. ಹದಿನೆಂಟು ತುಂಬಿದ ಮೇಲೂ ಆ ಠಾಣೆ ಅಲ್ಲಿಯೇ ಇರುತ್ತದೆ.